ಹದಿನಾಲ್ಕು ಸೈಕಲ್ಲಿಗೆ ಒಂದೇ ಸರಪಳಿ

"ಇದು ಸೈಕಲ್ಲಾ, ಗುಜರಿ ಅಂಗಡಿ ಹೆಣಾನಾ? ಉಜ್ಜೇ, ದರಿದ್ರದವಳೇ. ಕಡ್ಡಿ ಕಡ್ಡಿಗೂ ಬಟ್ಟೆ ತೂರಿಸಿ ಉಜ್ಜು. ಇವತ್ತು ಫೋಟೋದಲ್ಲಿ ಬರೋದು ಇದು, ನಿನ್ನ ಮೂತಿ ಅಲ್ಲ."

ಹೀಗೆಂದು ಸೂಪರ್‌ವೈಸರ್ ನನ್ನ ಸೊಸೆಯ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಬೂಟುಗಾಲಿನಿಂದ ಒದ್ದ. ಚಕ್ರ ಗಿರಗಿರ ತಿರುಗಿ ಕೆಸರುನೀರು ಅವಳ ಮುಖಕ್ಕೇ ಎರಚಿತು. ಅವಳು ತೋಳಿನಿಂದ ಮುಖ ಒರೆಸಿಕೊಂಡು ಮತ್ತೆ ಕಡ್ಡಿ ಉಜ್ಜತೊಡಗಿದಳು. ಹೆತ್ತು ಮೂರು ತಿಂಗಳಾದವಳು. ಕುಕ್ಕರುಗಾಲಿನಲ್ಲಿ ಕೂತರೆ ಅವಳ ಸೊಂಟ ಹಿಡಿದುಕೊಳ್ಳುತ್ತದೆ. ನಾನು ಪಕ್ಕದಲ್ಲೇ ನನ್ನ ಸೈಕಲ್ಲಿನ ಹ್ಯಾಂಡಲ್ ತಿಕ್ಕುತ್ತಿದ್ದೆ. ನನಗೆ ಮೊದಲಿಂದಲೂ ಬಾಯಿ ಜಾಸ್ತಿ, ಆದರೂ ಆವತ್ತು ಬೆಳಿಗ್ಗೆ ನುಂಗಿಕೊಂಡೆ. ಅವಳು ಕೆಲಸಕ್ಕೆ ಸೇರಿ ಆರು ವಾರವಾಗಿತ್ತಷ್ಟೆ. ನನ್ನ ಬಾಯಿಂದ ಅವಳ ಕೆಲಸ ಹೋಗುವುದು ಬೇಡ ಅನ್ನಿಸಿತು.

ನಮ್ಮದು ಹನ್ನೊಂದು ಮಹಡಿಯ ಕಚೇರಿ. ಮೇಲಿಂದ ಕೆಳಗೆ ಬರೀ ಗಾಜು. ಅದನ್ನು ಒರೆಸಿ, ಗುಡಿಸಿ, ಅಲ್ಲಿನವರ ಕಕ್ಕಸು ತೊಳೆಯುವವರು ನಾವು ಹದಿನಾಲ್ಕು ಜನ. ಬೆಳಿಗ್ಗೆ ಐದೂವರೆಗೆ ಕೆಲಸ ಶುರು. ಆ ಹೊತ್ತಿಗೆ ಬಸ್ಸೇ ಇರುವುದಿಲ್ಲ, ಹಾಗಾಗಿ ಎಲ್ಲರೂ ಸೈಕಲ್ಲು. ಒಂಬತ್ತೂವರೆಗೆ ಮೇಲಿನವರ ಕಾರುಗಳು ಒಂದೊಂದಾಗಿ ಬರುವ ಹೊತ್ತಿಗೆ ನಾವು ಯಾರ ಕಣ್ಣಿಗೂ ಬೀಳದಂತೆ ಮೂಲೆ ಸೇರಿರಬೇಕು. ನಮ್ಮ ಸೈಕಲ್ಲುಗಳಿಗೂ ಅದೇ ಕಾನೂನು. ಮುಂದುಗಡೆ ನಿಲ್ಲಿಸಿದರೆ ಕಟ್ಟಡದ ಅಂದ ಕೆಡುತ್ತದಂತೆ. ಅದಕ್ಕೆ ಹಿಂದುಗಡೆ, ಜನರೇಟರ್ ಪಕ್ಕ, ಕಸದ ಡಬ್ಬಗಳ ಎದುರಿಗೆ ಜಾಗ ಕೊಟ್ಟಿದ್ದರು. ಮೇಲೆ ಸೂರಿಲ್ಲ, ಕಟ್ಟಲು ಒಂದು ಕಂಬವೂ ಇಲ್ಲ. ಬೋಳು ಗೋಡೆ ಅಷ್ಟೆ.

ಮೊದಲ ವರ್ಷವೇ ನಾಲ್ಕು ಸೈಕಲ್ ಕಳುವಾದವು. ಹೋಗಿ ಹೇಳಿದರೆ ಬೀಗ ಹಾಕಿಕೊಳ್ಳಿ ಅಂದರು. ಚಕ್ರಕ್ಕೆ ಬೀಗ ಹಾಕಿದರೆ ಕಳ್ಳನಿಗೇನು ಕಷ್ಟ? ಸೈಕಲ್ಲನ್ನು ಹಾಗೇ ಎತ್ತಿ ಗಾಡಿಗೆ ಹಾಕಿಕೊಂಡು ಹೋಗುತ್ತಾನೆ. ಸೈಕಲ್ ಹೋದವರು ಮೂರು ನಾಲ್ಕು ತಿಂಗಳು ನಡೆದುಕೊಂಡು ಬಂದರು. ಒಬ್ಬಾಕೆ ನಡೆಯಲಾರದೆ ಕೆಲಸವನ್ನೇ ಬಿಟ್ಟಳು. ಆಮೇಲೆ ನಾನು ಒಂದು ದಿನ ಗುಜರಿಯಿಂದ, ಲಾರಿಯಲ್ಲಿ ಮರ ಬಿಗಿಯುವ ದಪ್ಪ ಸರಪಳಿಯೊಂದನ್ನು ತಂದೆ. ಒಬ್ಬಳೇ ಎತ್ತಲಾಗದಷ್ಟು ಭಾರ. ಅದನ್ನು ಹದಿನಾಲ್ಕು ಸೈಕಲ್ಲಿನ ಹಿಂದಿನ ಚಕ್ರಗಳೊಳಗೂ ತೂರಿಸಿ, ತಲೆ ಬಾಲ ಸೇರಿಸಿ, ಒಂದೇ ಬೀಗ ಹಾಕಿದೆ. ಕದಿಯುವುದಾದರೆ ಹದಿನಾಲ್ಕನ್ನೂ ಒಟ್ಟಿಗೆ ಕದಿಯಲಿ ಬೋಳಿಮಗ, ಅಂದೆ. ಅವತ್ತಿನಿಂದ ಇವತ್ತಿನವರೆಗೆ ಒಂದು ಬೆಲ್ಲು ಕೂಡ ಕಳುವಾಗಿಲ್ಲ. ಬೀಗದ ಕೈ ನನ್ನ ಕೊರಳಿನ ದಾರದಲ್ಲಿರುತ್ತದೆ. ಅದಕ್ಕೇ ನನ್ನನ್ನು ಎಲ್ಲರೂ ಬೀಗದಕ್ಕ ಅನ್ನುವುದು.

ಆ ಸರಪಳಿಗೆ ಒಂದು ಕ್ರಮವಿದೆ. ಯಾರು ಮೊದಲು ಮನೆಗೆ ಹೋಗಬೇಕೋ ಅವರ ಸೈಕಲ್ ಕೊನೆಯಲ್ಲಿ, ಬೀಗದ ಪಕ್ಕ. ಬಾಲದ ಜಾಗ ಅನ್ನುತ್ತೇವೆ. ಬೀಗ ತೆಗೆದು ಎರಡು ಮೊಳ ಎಳೆದರೆ ಸಾಕು, ಬಾಲದ ಸೈಕಲ್ ಹೊರಗೆ. ನಡುವಿನ ಸೈಕಲ್ ಬೇಕೆಂದರೆ ಅರ್ಧ ಸರಪಳಿ ಎಳೆಯಬೇಕು. ಬಾಲದ ಜಾಗ ಆರು ವರ್ಷದಿಂದ ಲಿಫ್ಟ್ ಒರೆಸುವವನದಾಗಿತ್ತು, ನಾವೆಲ್ಲ ಲಿಫ್ಟ್ ಮಾವ ಅನ್ನುವವನದು. ಅವನಿಗೆ ಸಂಜೆ ಇನ್ನೊಂದು ಕಡೆ ಕೆಲಸ. ನನ್ನ ಸೊಸೆ ಕೆಲಸಕ್ಕೆ ಬಂದ ಮೊದಲ ದಿನ ಅವನು ಯಾರೂ ಕೇಳದೆ ತನ್ನ ಸೈಕಲ್ ಮುಂದಕ್ಕೆ ತಳ್ಳಿ ಆ ಜಾಗ ಬಿಟ್ಟುಕೊಟ್ಟ. ಯಾಕೆಂದರೆ ಅವಳು ಮಧ್ಯಾಹ್ನ ಹನ್ನೆರಡಕ್ಕೆ ಮನೆಗೆ ಹೋಗಿ ಬರಬೇಕು.

ಮನೆಯಲ್ಲಿ ಕೂಸು ಇದೆ. ಹೆಣ್ಣು. ನನ್ನ ಮಗ ದೂರದೂರಿನಲ್ಲಿ ಸೇತುವೆ ಕೆಲಸಕ್ಕೆ ಹೋಗಿದ್ದಾನೆ, ತಿಂಗಳಿಗೊಮ್ಮೆ ಬಂದು ಹೋಗುತ್ತಾನೆ. ನನ್ನ ಗಂಡ ಕಟ್ಟಡದ ಕೆಲಸದಲ್ಲಿ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದು ಎರಡು ವರ್ಷ. ಅವನು ಕೂಸನ್ನು ಎದೆ ಮೇಲೆ ಮಲಗಿಸಿಕೊಂಡು ಜೋಗುಳ ಹಾಡುತ್ತಾನೆ, ಅದಕ್ಕಿಂತ ಹೆಚ್ಚಿಗೆ ಏನೂ ಮಾಡಲಾರ. ಸೊಸೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಡುವೆ ಒಂದು ಹೊತ್ತು ಡಬ್ಬಿ ಹಾಲು ಕೊಟ್ಟು ನೋಡಿದೆವು. ವಾಂತಿ ಭೇದಿ ಹತ್ತಿ ಕೂಸು ಬಟ್ಟೆಯ ಹಾಗೆ ಮೆತ್ತಗಾಯಿತು. ಮೂರು ದಿನ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಬಂತು. ಇನ್ನೊಂದು ಸಲ ಹೀಗಾದರೆ ನಮ್ಮ ಕೈಯಲ್ಲಿಲ್ಲ, ತಾಯಿ ಹಾಲು ಬಿಟ್ಟು ಏನೂ ಬೇಡ ಅಂದಳು ಡಾಕ್ಟರಮ್ಮ. ಸೊಸೆ ಬೆಳಿಗ್ಗೆ ಐದಕ್ಕೆ ಕುಡಿಸಿ ಹೊರಡುತ್ತಾಳೆ. ಹನ್ನೆರಡಕ್ಕೆ ಊಟದ ಬಿಡುವು, ಅರ್ಧ ಗಂಟೆ. ಸೈಕಲ್ಲಿನಲ್ಲಿ ಎಂಟು ನಿಮಿಷಕ್ಕೆ ಮನೆ. ಕುಡಿಸಿ, ಮತ್ತೆ ಎಂಟು ನಿಮಿಷಕ್ಕೆ ಇಲ್ಲಿ. ನಡೆದರೆ ಹೋಗುವುದಕ್ಕೇ ಆ ಅರ್ಧ ಗಂಟೆ ಹಿಡಿಯುತ್ತದೆ. ಅವಳು ಊಟ ಮಾಡುವುದು ಯಾವಾಗ ಅಂತ ನಾನು ಕೇಳಿಲ್ಲ, ಅವಳೂ ಹೇಳಿಲ್ಲ.

ಹೀಗಿರುವಾಗ ಕಟ್ಟಡದ ಮುಂದೆ ಹೊಸ ಸೈಕಲ್ ನಿಲ್ದಾಣ ಎದ್ದಿತು. ಗಾಜಿನ ಮಾಡು, ನಾಲ್ಕು ಮೂಲೆಗೂ ಕ್ಯಾಮೆರಾ, ನೆಲಕ್ಕೆ ಹಸಿರು ಬಣ್ಣ. ಅರವತ್ತು ಸೈಕಲ್ಲಿಗೆ ಅರವತ್ತು ಕಬ್ಬಿಣದ ಬಳೆ. ಮುಂದಿನ ಚಕ್ರವನ್ನು ಬಳೆಯೊಳಗೆ ತಳ್ಳಿದರೆ ಅದು ಕಚಕ್ಕನೆ ಹಿಡಿದುಕೊಳ್ಳುತ್ತದೆ. ಕಾರ್ಡು ತೋರಿಸಿದರೆ ಮಾತ್ರ ಬಿಡುತ್ತದೆ. ಮುಂದೆ ದೊಡ್ಡ ಬೋರ್ಡು: ಸುರಕ್ಷಿತ ಸೈಕಲ್ ನಿಲುಗಡೆ, ಎಲ್ಲರಿಗೂ. ಸೊಸೆ ಅದನ್ನು ಅಕ್ಷರ ಕೂಡಿಸಿ ಓದಿ, ಅತ್ತೆ, ಎಲ್ಲರಿಗೂ ಅಂದರೆ ನಮಗೂನಾ ಎಂದು ಕೇಳಿದಳು. ಮತ್ತಿನ್ನೇನು, ನಾವೇನು ದನಗಳಾ ಅಂದೆ. ನಿಜ ಹೇಳಬೇಕೆಂದರೆ ನಾನೂ ನಂಬಿದ್ದೆ. ಮಳೆಗಾಲದಲ್ಲೂ ಸೀಟು ಒಣಗಿರುತ್ತದಲ್ಲ ಅಂತ ಖುಷಿಪಟ್ಟಿದ್ದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಮೇಲಿನವರ ಹತ್ತಿರ ಇದ್ದದ್ದು ಎರಡೇ ಸೈಕಲ್ಲು. ಅದೂ ಕಾರಿನ ಬೆನ್ನಿಗೆ ಕಟ್ಟಿಕೊಂಡು ಬರುವಂಥವು. ಉದ್ಘಾಟನೆಗೆ ದೊಡ್ಡ ಅತಿಥಿ ಬರುತ್ತಾರೆ, ಪೇಪರಿನವರು ಬರುತ್ತಾರೆ, ಅರವತ್ತು ಬಳೆಯಲ್ಲಿ ಎರಡು ಸೈಕಲ್ ನಿಂತರೆ ಮಾನ ಹೋಗುತ್ತದೆ. ಹಿಂದಿನ ದಿನ ಮ್ಯಾನೇಜರ್ ಸಾಹೇಬರೇ ಜನರೇಟರ್ ಹತ್ತಿರ ಬಂದರು. ಎಂಟು ವರ್ಷದಲ್ಲಿ ಅವರು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಮೂಗಿಗೆ ಕರವಸ್ತ್ರ ಹಿಡಿದು ನಮ್ಮ ಸೈಕಲ್ಲುಗಳನ್ನು ಒಂದೊಂದಾಗಿ ನೋಡಿದರು. ಪೂರ್ತಿ ಹೊಸದಾಗಿ ಕಾಣುವುದೂ ಬೇಡ, ಬಡವರಿಗೂ ಅನುಕೂಲವಾಗಿದೆ ಅಂತ ಕಾಣಲಿ ಅಂದರು. ಹಾಗಾಗಿ ಹದಿನಾಲ್ಕೂ ಪಾಸಾದವು. ಪ್ರತಿಯೊಂದಕ್ಕೂ ಹಸಿರು ಬಣ್ಣದ ಹೊಸ ಸೀಟು ಕವರ್ ಕೊಟ್ಟರು, ಸಂಜೆ ಬಿಚ್ಚಿ ವಾಪಸ್ ಕೊಡಬೇಕು ಅನ್ನುವ ಮಾತಿನ ಮೇಲೆ. ಕ್ಯಾರಿಯರಿಗೆ ಕಟ್ಟಿದ್ದ ಗೋಣಿ, ಹಗ್ಗ, ಊಟದ ಚೀಲ ಎಲ್ಲ ಬಿಚ್ಚಿಸಿದರು. ನಮಗೆ ಕಾರ್ಡು ಯಾವಾಗ ಕೊಡುತ್ತೀರಿ ಎಂದು ಲಿಫ್ಟ್ ಮಾವ ಕೇಳಿದ್ದಕ್ಕೆ ಸೂಪರ್‌ವೈಸರ್ ಹಲ್ಲು ಕಿರಿದ. ನಾಳೆ ಕಾರ್ಯಕ್ರಮ ಮುಗಿದ ಮೇಲೆ ನಿಮ್ಮ ಸೈಕಲ್ ಮತ್ತೆ ಜನರೇಟರ್ ಹತ್ತಿರ, ಇಷ್ಟಕ್ಕೆಲ್ಲ ಆಸೆ ಬೀಳಬೇಡಿ ಅಂದ.

ಈ ಸೂಪರ್‌ವೈಸರ್ ಆಕಾಶದಿಂದ ಇಳಿದವನಲ್ಲ. ಆರು ವರ್ಷದ ಹಿಂದೆ ನಮ್ಮ ಜೊತೆಯಲ್ಲೇ ಮೂರನೇ ಮಹಡಿ ಒರೆಸುತ್ತಿದ್ದ. ಅವನ ಸೈಕಲ್ಲೂ ಈ ಸರಪಳಿಯಲ್ಲೇ ಇತ್ತು. ಆಮೇಲೆ ಅಂಗಿ ಬದಲಾಯಿತು, ಬೂಟು ಬಂತು, ಬಾಯಿ ಹೊಲಸಾಯಿತು. ಅವನಿಗೂ ಮೇಲಿನವರ ಭಯ ಇತ್ತು ಅನ್ನುವುದು ನನಗೆ ಗೊತ್ತು. ಆ ಭಯವನ್ನೆಲ್ಲ ಅವನು ನಮ್ಮ ತಲೆಮೇಲೆ ಸುರಿಯುತ್ತಿದ್ದ.

ತೊಳೆದ ಸೈಕಲ್ಲುಗಳನ್ನು ಅವನು ತನಗೆ ಬೇಕಾದ ಹಾಗೆ ಜೋಡಿಸಿದ. ನೋಡುವುದಕ್ಕೆ ಚೆನ್ನಾಗಿರುವವು ಎರಡೂ ತುದಿಗೆ, ತುಕ್ಕು ಹಿಡಿದವು ನಡುವೆ. ಸೊಸೆಯದು ಏಳನೆಯದಾಯಿತು. ಅವಳು ಹನ್ನೆರಡಕ್ಕೆ ಹೋಗಬೇಕು ಸಾರ್ ಅಂದಳು. ಹತ್ತಕ್ಕೆ ಶುರು, ಹನ್ನೊಂದಕ್ಕೆ ಎಲ್ಲ ಖಾಲಿ, ಯಾಕೆ ಬಡ್ಕೋತೀಯ ಅಂದ. ಬಳೆಗಳನ್ನು ತೆಗೆಯುವ ಕಾರ್ಡು ಒಂದೇ ಒಂದು, ಅವನ ಜೇಬಿನಲ್ಲಿ. ಸರಪಳಿಯನ್ನು ಕಾಲಿನಿಂದ ತಳ್ಳಿ, ಈ ದನದ ಹಗ್ಗ ಇಲ್ಲಿ ಕಾಣಿಸಬಾರದು, ಹಿಂದೆ ಎಸಿ ಅಂದು ಟೀ ಕುಡಿಯಲು ಹೋದ.

ಇಲ್ಲೇ ನಾನು ತಪ್ಪು ಮಾಡಿದ್ದು. ಆ ಕಚಕ್ ಅನ್ನುವ ಬಳೆಯನ್ನು ನನ್ನ ಮನಸ್ಸು ನಂಬಲಿಲ್ಲ. ಮುಂದುಗಡೆ, ರಸ್ತೆ ಪಕ್ಕ, ಸಾವಿರ ಜನ ಓಡಾಡುವ ಕಡೆ ಹದಿನಾಲ್ಕು ಸೈಕಲ್ ಬಿಟ್ಟು ಹೋಗುವುದೆಂದರೆ ಕೂಸನ್ನು ಬೀದಿಯಲ್ಲಿ ಬಿಟ್ಟ ಹಾಗಾಗುತ್ತಿತ್ತು. ಏಳು ವರ್ಷದ ಅಭ್ಯಾಸ. ಕೈ ತಾನಾಗಿಯೇ ಹೋಯಿತು. ಲಿಫ್ಟ್ ಮಾವನೂ ನಾನೂ ಬಗ್ಗಿ, ನೆಲಕ್ಕೆ ಅಂಟಿದ ಹಾಗೆ, ಹಿಂದಿನ ಚಕ್ರಗಳ ಕೆಳಭಾಗದಲ್ಲಿ ಸರಪಳಿ ತೂರಿಸಿದೆವು. ಬೀಗ ಕ್ಲಿಕ್ಕಂತ ಕೂತಿತು. ಮುಂದುಗಡೆಯಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಬಾಲದ ಜಾಗ ಯಾರದು, ನಡುವಿನದು ಯಾರದು ಅನ್ನುವುದು ನನ್ನ ತಲೆಗೆ ಬರಲೇ ಇಲ್ಲ.

ಒಂಬತ್ತಕ್ಕೆ ನಮ್ಮನ್ನೆಲ್ಲ ನೆಲಮಾಳಿಗೆಯ ಸಾಮಾನು ಕೋಣೆಗೆ ಇಳಿಸಿದರು. ಬರುವವರ ಕಣ್ಣಿಗೆ ನಾವು ಬೀಳಬಾರದಂತೆ. ಪೊರಕೆ, ಬಕೆಟ್ಟು, ಆ್ಯಸಿಡ್ ಕ್ಯಾನುಗಳ ನಡುವೆ ಹದಿನಾಲ್ಕು ಜನ ಮೊಣಕಾಲು ಮಡಿಸಿ ಕೂತೆವು. ಹೊರಗಿನಿಂದ ಚಿಲಕ ಬಿತ್ತು. ಕಿಟಕಿ ಇಲ್ಲ, ಒಂದು ಟ್ಯೂಬ್‌ಲೈಟು, ಗೋಡೆಯಲ್ಲಿ ಒಂದು ಗಡಿಯಾರ. ಹತ್ತಾಯಿತು, ಹನ್ನೊಂದಾಯಿತು. ಮೇಲೆ ಕುರ್ಚಿ ಎಳೆಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅತಿಥಿ ತಡವಾಗಿ ಬರುತ್ತಾರೆ ಎಂದು ವಾಚ್‌ಮನ್ ಬಾಗಿಲಾಚೆಯಿಂದ ಹೇಳಿದ.

ಹನ್ನೆರಡು ಹೊಡೆಯುವ ಹೊತ್ತಿಗೆ ಸೊಸೆ ಗೋಡೆ ಕಡೆ ಮುಖ ತಿರುಗಿಸಿ ಕೂತಿದ್ದಳು. ನಮ್ಮ ಸಮವಸ್ತ್ರ ತೆಳು ನೀಲಿ. ಅವಳ ಎದೆಯ ಮೇಲೆ ಎರಡು ಕಡೆ ಬಟ್ಟೆ ಒದ್ದೆಯಾಗಿ ಕಪ್ಪಗಾಗಿತ್ತು. ನಾನು ನನ್ನ ಹೆಗಲ ಬಟ್ಟೆ ಕೊಟ್ಟೆ. ಅವಳು ಅದನ್ನು ಒತ್ತಿ ಹಿಡಿದುಕೊಂಡು ಕಣ್ಣು ಮುಚ್ಚಿದಳು. ನಾನೂ ಒಂದನ್ನು ಹೆತ್ತವಳು, ಕಟ್ಟಿಕೊಂಡ ಎದೆ ಹೇಗೆ ಕಲ್ಲಾಗುತ್ತದೆ ಅಂತ ಗೊತ್ತು. ಅದಕ್ಕಿಂತ ಹೆಚ್ಚಾಗಿ, ಏಳು ಗಂಟೆ ಹೊತ್ತು ಬರಿಹೊಟ್ಟೆಯಲ್ಲಿರುವ ಕೂಸು, ಮಂಚದಿಂದ ಇಳಿಯಲಾರದ ಅದರ ತಾತ, ಇಬ್ಬರೂ ನನ್ನ ಕಣ್ಣ ಮುಂದೆ ಬಂದರು. ಕೂಸು ಬಾಯಿ ಬಿಟ್ಟು ಅತ್ತರೆ ಅವನು ಹತಾಶನಾಗಿ ಆ ಹಳೇ ಡಬ್ಬಿ ಹಾಲನ್ನೇ ಕಲಸಿ ಕೊಟ್ಟುಬಿಡುತ್ತಾನೆ. ಡಬ್ಬಿ ಮಂಚದ ಪಕ್ಕದಲ್ಲೇ ಇತ್ತು. ಬಿಸಾಡಲು ಮನಸ್ಸು ಬಾರದೆ ನಾನೇ ಇಟ್ಟಿದ್ದೆ.

ನಾನು ಎದ್ದು ಬಾಗಿಲು ಬಡಿದೆ. ಪೊರಕೆ ಹಿಡಿಯಿಂದ ಬಡಿದೆ. ಕೊನೆಗೆ ವಾಚ್‌ಮನ್ ಸೂಪರ್‌ವೈಸರನ್ನು ಕರೆತಂದ. ಬಾಗಿಲು ಅರ್ಧ ತೆರೆದು ಅವನು ಒಳಗೆ ಮುಖ ಹಾಕಿದ, ಸೊಸೆಯ ಕಡೆ ನೋಡಿದ, ನೋಡಬಾರದ ಕಡೆ ನೋಡಿದ.

"ಏನೇ, ಇದೇನು ಹಾಲಿನ ಡೇರಿ ಅಂದ್ಕೊಂಡಿದ್ಯಾ? ಹೆತ್ಕೊಂಡು ಮನೇಲಿ ಬಿದ್ದಿರ್ಬೇಕಿತ್ತು. ಮೇಲೆ ಅಷ್ಟು ದೊಡ್ಡವರು ಬರೋ ಹೊತ್ತಲ್ಲಿ ಒದ್ದೆ ಮಾಡ್ಕೊಂಡು ನಿಂತವ್ಳೆ, ಥೂ."

ಆಗ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ನಿನ್ನ ಹೆಂಡ್ತಿ ಹೆತ್ತಾಗ ಹದಿನೈದು ದಿನ ನಿನ್ನ ಮಹಡಿ ಒರೆಸಿದ್ದು ಯಾರೋ? ನಾನು ಒರೆಸಿದ್ದು. ಬಾಲದ ಜಾಗ ನಿಂಗೆ ಕೊಟ್ಟಿರ್ಲಿಲ್ವಾ ಆವಾಗ? ನಿನ್ನ ಮಗು ಮಗು, ಇವಳದ್ದು ಕಲ್ಲಾ?"

ಅವನ ಮುಖ ಬಿಳಿಚಿತು. ಹೊರಗೆ ಯಾರಾದರೂ ಕೇಳಿಸಿಕೊಂಡರಾ ಅಂತ ಹಿಂದೆ ತಿರುಗಿ ನೋಡಿದ. ಆಮೇಲೆ ಸೊಸೆಯ ರಟ್ಟೆ ಹಿಡಿದು, ಹಿಂದಿನಿಂದ ಕರೆದುಕೊಂಡು ಹೋಗುತ್ತೇನೆ, ಬಾಯಿ ಮುಚ್ಚಿಕೊಂಡು ಸೈಕಲ್ ತಗೊಂಡು ತೊಲಗು ಅಂದ. ಅವಳು ನನ್ನ ಕಡೆ ತಿರುಗಿಯೂ ನೋಡದೆ ಓಡಿದಳು. ನಾನು ಉಸಿರು ಬಿಟ್ಟು ಗೋಡೆಗೆ ಒರಗಿದೆ. ಪರವಾಗಿಲ್ಲ, ಇನ್ನೂ ಮನುಷ್ಯತ್ವ ಉಳಿದಿದೆ ಅಂದಳು ಪಕ್ಕದಲ್ಲಿದ್ದ ಕಿಟಕಿ ಒರೆಸುವವಳು. ನಾನೂ ಹೌದೌದು ಅಂದೆ. ಅಂದು ಬಾಯಿ ಮುಚ್ಚುವಷ್ಟರಲ್ಲಿ ಕೊರಳಿನ ದಾರ ಕೈಗೆ ತಗುಲಿತು. ಬೀಗದ ಕೈ ನನ್ನ ಹತ್ತಿರ ಇತ್ತು.

ಮತ್ತೆ ಬಾಗಿಲು ಬಡಿಯಲು ಏಳುವ ಹೊತ್ತಿಗೆ ಬಾಗಿಲೇ ಧಡಾರಂತ ತೆರೆಯಿತು.

"ಯಾವ ಲೌಡಿನೇ ಸರಪಳಿ ಹಾಕಿದ್ದು?" ಸೂಪರ್‌ವೈಸರ್ ಅರಚಿದ. ಅವನ ಕಣ್ಣು ಕೆಂಪಗಾಗಿತ್ತು. "ಬಳೆ ಬಿಟ್ಟಿದೆ, ಸೈಕಲ್ ಬರ್ತಿಲ್ಲ. ಬಾರೇ ಹೊರಗೆ."

ಅವನು ನನ್ನ ಜುಟ್ಟು ಹಿಡಿದು ಎಳೆದುಕೊಂಡು ಮೆಟ್ಟಿಲು ಹತ್ತಿಸಿದ. ಬೈಗುಳ ನನಗೆ ಸಲ್ಲಬೇಕಾದದ್ದೇ ಆಗಿತ್ತು. ಅವತ್ತು ಅವನಿಗಿಂತ ಹೆಚ್ಚಾಗಿ ನನ್ನನ್ನು ನಾನೇ ಬೈದುಕೊಂಡೆ. ಮೇಲೆ ಹೋಗಿ ನೋಡಿದರೆ ಸೊಸೆ ಸೈಕಲ್ಲಿನ ಹ್ಯಾಂಡಲ್ ಹಿಡಿದು ಸುಮ್ಮನೆ ಎಳೆಯುತ್ತಿದ್ದಳು. ಎಳೆದಷ್ಟೂ ಅಕ್ಕಪಕ್ಕದ ಸೈಕಲ್ಲುಗಳು ಒಟ್ಟಿಗೆ ಅಲುಗುತ್ತಿದ್ದವು. ಅತ್ತೆ, ನೀವಾ ಎಂದು ಕೇಳಿದಳು. ನಾನು ತಲೆ ತಗ್ಗಿಸಿ ಬೀಗಕ್ಕೆ ಕೈ ಹಾಕಿದೆ. ಬೀಗದ ಕೈ ಇನ್ನೂ ಒಳಗೆ ಹೋಗಿರಲಿಲ್ಲ, ಆಗಲೇ ಗೇಟಿನಲ್ಲಿ ಕಾರುಗಳ ಹಾರನ್ ಕೇಳಿಸಿತು. ಒಂದರ ಹಿಂದೆ ಒಂದು, ಐದು ಕಾರು.

ಸೂಪರ್‌ವೈಸರ್ ನಮ್ಮಿಬ್ಬರನ್ನೂ ಎಳೆದು ದೊಡ್ಡ ಬೋರ್ಡಿನ ಹಿಂದಕ್ಕೆ ನೂಕಿದ. ಉಸಿರು ಬಿಟ್ಟರೆ ಕೊಲ್ಲುತ್ತೇನೆ ಅಂದ. ಬೋರ್ಡಿನ ಹಿಂದೆ ಎರಡಡಿ ಜಾಗ. ಸಿಮೆಂಟಿನ ಚೀಲಗಳು, ಒಡೆದ ಹೂಕುಂಡಗಳು ಬಿದ್ದಿದ್ದವು. ಅಲ್ಲಿಂದ ನಮಗೆ ಬರುವವರ ಕಾಲು ಮಾತ್ರ ಕಾಣುತ್ತಿತ್ತು. ಒಳ್ಳೊಳ್ಳೆಯ ಬೂಟುಗಳು. ರಿಬ್ಬನ್ ಕತ್ತರಿಸಿದ್ದು ಚಪ್ಪಾಳೆಯಿಂದ ಗೊತ್ತಾಯಿತು. ಆಮೇಲೆ ಅತಿಥಿ ಮೈಕು ಹಿಡಿದು ಮಾತು ಶುರು ಮಾಡಿದರು. ಸೈಕಲ್ ಇಡಲು ಭದ್ರವಾದ ಜಾಗವಿಲ್ಲದ ಕಾರಣ ನಗರದ ಜನ ಸೈಕಲ್ ತುಳಿಯುವುದನ್ನೇ ಬಿಡುತ್ತಿದ್ದಾರೆ ಅಂದರು. ತಾವು ಚಿಕ್ಕವರಿದ್ದಾಗ ಸೈಕಲ್ ತುಳಿದದ್ದನ್ನು ನೆನೆದು ನಕ್ಕರು. ಒಬ್ಬ ಸಾಮಾನ್ಯ ದುಡಿಯುವ ಹೆಣ್ಣುಮಗಳು ನಿಶ್ಚಿಂತೆಯಿಂದ ತನ್ನ ಸೈಕಲ್ ಇಲ್ಲಿ ಬಿಟ್ಟು ಹೋಗಬಹುದು, ಬೇಕೆಂದಾಗ ತೆಗೆದುಕೊಂಡು ಹೋಗಬಹುದು ಅಂದರು. ಮತ್ತೆ ಚಪ್ಪಾಳೆ.

ಸೊಸೆ ನನ್ನ ಕೈ ಹಿಡಿದಳು. ಅವಳ ಅಂಗೈ ಜ್ವರ ಬಂದವರ ಹಾಗೆ ಸುಡುತ್ತಿತ್ತು.

"ಅತ್ತೆ, ನಡ್ಕೊಂಡೇ ಹೋಗ್ಲಾ?"

"ಅರ್ಧ ಗಂಟೆ ಕಣೇ."

"ಮನೇಲಿ ಮಾವ ಡಬ್ಬಿ ಹಾಲು ಕೊಟ್ಟುಬಿಡ್ತಾರೆ. ನಂಗೊತ್ತು. ಕೊಟ್ಟೇ ಬಿಡ್ತಾರೆ."

ಅವಳಿಗೂ ಅದೇ ಹೊಳೆದಿತ್ತು. ನಾನು ಬೋರ್ಡಿನ ಹಿಂದಿನಿಂದ ಹೊರಗೆ ಬಂದೆ. ಕುರ್ಚಿಗಳ ಸಾಲಿನ ಮುಂದೆ, ಮೈಕಿನ ಪಕ್ಕದಿಂದಲೇ ನಡೆದುಹೋಗಿ ಮಂಡಿಯೂರಿ ಕೂತು ಬೀಗ ತೆಗೆದೆ. ಸರಪಳಿ ಎಳೆದೆ. ಆ ಸರಪಳಿಗೆ ಮೆಲ್ಲಗೆ ಬರಲು ಗೊತ್ತಿಲ್ಲ. ಒಂದೊಂದು ಚಕ್ರ ದಾಟುವಾಗಲೂ ಕಡ್ಡಿಗಳಿಗೆ ಬಡಿದು ಖಣ ಖಣ ಅಂತ ಊರಿಗೇ ಕೇಳುವ ಹಾಗೆ ಬಂತು. ಅತಿಥಿ ಮಾತು ನಿಲ್ಲಿಸಿದರು. ಹದಿನಾಲ್ಕು, ಹದಿಮೂರು, ಹನ್ನೆರಡು ಎಂದು ನಾನು ಎಣಿಸಿಕೊಂಡು ಎಳೆಯುತ್ತ ಹೋದೆ. ಸೊಸೆ ನನ್ನ ಹಿಂದೆಯೇ ಬಂದು ನಿಂತಿದ್ದಳು; ಏಳನೆಯದು ದಾಟಿದಾಗ ಅವಳ ಸೈಕಲ್ ತಾನಾಗಿಯೇ ಹಿಂದಕ್ಕೆ ಜರುಗಿ ಅವಳ ಕೈಗೆ ಬಂತು.

ಆಗ ಆದದ್ದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಅತಿಥಿ ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮದ ಒಂದು ಭಾಗ ಅಂದುಕೊಂಡರು. ಇವರೇ ನೋಡಿ ನಮ್ಮ ನಿಲ್ದಾಣದ ಮೊದಲ ಬಳಕೆದಾರರು ಅಂದರು ಮೈಕಿನಲ್ಲಿ. ಕೂತವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ಕ್ಯಾಮೆರಾದವರು ಓಡಿ ಬಂದು ಅವಳ ಸುತ್ತ ಮುತ್ತಿಕೊಂಡರು. ಸ್ವಲ್ಪ ನಗಿ, ಹ್ಯಾಂಡಲ್ ಮೇಲೆ ಕೈ ಇಡಿ, ಹೆಗಲ ಬಟ್ಟೆ ತೆಗೀರಿ ಅಂದರು. ಒಬ್ಬ ಅವಳ ಎದೆಯ ಮೇಲಿದ್ದ ಬಟ್ಟೆಯನ್ನು ತಾನೇ ಎಳೆದ. ಒದ್ದೆ ಕಂಡು ಕೈ ಹಿಂದಕ್ಕೆ ತೆಗೆದುಕೊಂಡ, ಆದರೂ ಫೋಟೋ ತೆಗೆದ. ಅವಳು ಹಲ್ಲು ಕಚ್ಚಿಕೊಂಡು ದಾರಿ ಮಾಡಿಕೊಂಡು ಗೇಟಿನ ಕಡೆ ಹೊರಟಳು.

ಸೂಪರ್‌ವೈಸರ್ ನಗುಮುಖ ಇಟ್ಟುಕೊಂಡೇ ಅವಳ ಪಕ್ಕ ಬಂದ. ಚಪ್ಪಾಳೆ ಸದ್ದಿನಲ್ಲಿ ಅವನ ಮಾತು ನಮ್ಮಿಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಕೇಳಿಸಲಿಲ್ಲ.

"ಈಗ ಗೇಟು ದಾಟಿದ್ರೆ ಮತ್ತೆ ಒಳಗೆ ಬರಂಗಿಲ್ಲ. ಇಬ್ರೂ. ಇವ್ರೆಲ್ಲ ಕಾರು ಹತ್ತಿ ಹೋಗಲಿ, ಆಮೇಲೆ ಐತೆ ನಿಮಗೆ."

ಸೊಸೆ ನಿಂತುಬಿಟ್ಟಳು. ಒಂದು ಕಾಲು ಪೆಡಲ್ ಮೇಲೆ, ಒಂದು ಕಾಲು ನೆಲದ ಮೇಲೆ. ನನ್ನ ಮುಖ ನೋಡಿದಳು. ನಮ್ಮಿಬ್ಬರ ಕೆಲಸ ಬಿಟ್ಟರೆ ಆ ಮನೆಗೆ ಬೇರೆ ಗತಿ ಏನಿದೆ ಅನ್ನುವುದು ಅವಳಿಗೂ ಗೊತ್ತು, ನನಗೂ ಗೊತ್ತು. ಕಾರುಗಳು ಗೇಟಿನೊಳಗೆ ಸಾಲಾಗಿ ನಿಂತಿದ್ದವು. ಅವು ಹೋದ ಮೇಲೆ ನಾವು ಬರೀ ಇಬ್ಬರು ಹೆಂಗಸರು. ಅವು ಇರುವಷ್ಟು ಹೊತ್ತು ಅವನು ನಗುತ್ತಲೇ ಇರಬೇಕು. ಇದು ನನ್ನ ತಲೆಗೆ ಹೇಗೆ ಹೊಳೆಯಿತೋ ತಿಳಿಯದು. ಕೊರಳಿನ ದಾರ ತೆಗೆದು ಅವಳ ಕೊರಳಿಗೆ ಹಾಕಿದೆ.

"ಹೋಗು. ಹೊಟ್ಟೆ ತುಂಬಾ ಕುಡಿಸಿ ಬಾ. ನೀನು ಬರೋವರ್ಗೂ ಇವರ್ಯಾರೂ ಎಲ್ಲೂ ಹೋಗಲ್ಲ."

ದೊಡ್ಡ ಗೇಟಿನ ಪಕ್ಕದಲ್ಲಿ ಒಬ್ಬರು ಹೋಗುವಷ್ಟು ಚಿಕ್ಕ ಗೇಟು ಇದೆ. ಅವಳು ಸೈಕಲ್ ತಳ್ಳಿಕೊಂಡು ಅದನ್ನು ದಾಟಿ, ಹತ್ತಿ, ರಸ್ತೆಗೆ ಬಿದ್ದಳು. ನಾನು ಉಳಿದ ಸರಪಳಿಯನ್ನೂ ಎಳೆದುಕೊಂಡೆ. ನನ್ನ ಕೈಯಿಂದ ಎತ್ತಲು ಆಗಲಿಲ್ಲ, ನೆಲದ ಮೇಲೆ ದರದರ ಎಳೆಯುತ್ತ ದೊಡ್ಡ ಗೇಟಿನ ಕಡೆ ನಡೆದೆ. ಅರ್ಧ ದಾರಿಯಲ್ಲಿ ಭಾರ ಹಗುರಾಯಿತು. ತಿರುಗಿ ನೋಡಿದರೆ ಸರಪಳಿಯ ಇನ್ನೊಂದು ತುದಿಯನ್ನು ಲಿಫ್ಟ್ ಮಾವ ಹಿಡಿದಿದ್ದ. ಸಾಮಾನು ಕೋಣೆಯ ಬಾಗಿಲು ತೆರೆದೇ ಬಿಟ್ಟಿದ್ದರಿಂದ ಒಳಗಿದ್ದವರೆಲ್ಲ ಮೇಲೆ ಬಂದಿದ್ದರು. ಗೇಟಿನ ಎರಡೂ ರೆಕ್ಕೆ ಕೂಡಿಸಿ, ಸರಳುಗಳ ಸುತ್ತ ಸರಪಳಿಯನ್ನು ಮೂರು ಸುತ್ತು ಸುತ್ತಿ ಬೀಗ ಒತ್ತಿದೆವು. ಆ ಬೀಗ ಹಾಕುವುದಕ್ಕೆ ಬೀಗದ ಕೈ ಬೇಡ, ತೆಗೆಯುವುದಕ್ಕೆ ಮಾತ್ರ ಬೇಕು. ವಾಚ್‌ಮನ್ ಅಷ್ಟು ಹೊತ್ತೂ ಬಗ್ಗಿ ತನ್ನ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅತಿಥಿ ಕಾರು ಹತ್ತಿದರು, ಕಾರು ಗೇಟಿನವರೆಗೆ ಬಂದು ನಿಂತಿತು, ಹಾರನ್ ಹೊಡೆಯಿತು. ಅದರ ಹಿಂದೆ ಇನ್ನೊಂದು. ಮ್ಯಾನೇಜರ್ ಸಾಹೇಬರು ಓಡಿ ಬಂದರು. ಸೂಪರ್‌ವೈಸರ್ ಎರಡೇ ಹೆಜ್ಜೆಗೆ ನನ್ನ ಹತ್ತಿರ ಬಂದು ಕೆನ್ನೆಗೆ ಬಾರಿಸಿದ. ಕ್ಯಾಮೆರಾಗಳು ತಿರುಗಿದ್ದು ಕಂಡು ಎರಡನೇ ಏಟಿಗೆ ಎತ್ತಿದ ಕೈ ಇಳಿಸಿದ.

"ಕೀ ಎಲ್ಲೇ, ಬೋಳಿ? ಕೀ ಕೊಡು."

"ಕೀ ಮನೆಗೆ ಹೋಗೈತೆ. ಕೂಸಿಗೆ ಹಾಲು ಕೊಟ್ಟು ಬರುತ್ತೆ."

ಅವನು ನನ್ನ ಕೊರಳು ತಡಕಿದ, ಸೊಂಟ ತಡಕಿದ. ಸಿಗಲಿಲ್ಲ. ಅತಿಥಿ ಕಾರಿನಿಂದ ಇಳಿದರು. ನನಗೆ ಒಂದೂವರೆಗೆ ಇನ್ನೊಂದು ಕಡೆ ಹೋಗಬೇಕು, ಹೇಗೆ ಹೋಗಲಿ, ಏನ್ರೀ ಇದೆಲ್ಲ ಎಂದು ಸಾಹೇಬರನ್ನು ಕೇಳಿದರು. ನಾನು ಉತ್ತರ ಕೊಟ್ಟೆ. ನನ್ನ ತುಟಿ ಒಡೆದು ಬಾಯಲ್ಲಿ ರಕ್ತದ ರುಚಿ ಇತ್ತು.

"ಚಿಕ್ಕ ಗೇಟು ತೆಗೆದೇ ಐತೆ ಸಾಮಿ. ಸೈಕಲ್ ಹೋಗುತ್ತೆ. ಹದಿಮೂರು ಅವೆ, ಬೆಳಿಗ್ಗೆ ತೊಳ್ದಿಟ್ಟಿದ್ದೀವಿ. ಯಾವ್ದಾದ್ರೂ ತಗೊಂಡ್ಹೋಗಿ. ಬಳೆ ಬಿಡ್ಸೋ ಕಾರ್ಡು ನಮ್ಮ ಹತ್ರ ಇಲ್ಲ, ಅವನ ಜೇಬಲ್ಲೈತೆ."

ಯಾರೂ ನಗಲಿಲ್ಲ. ಅತಿಥಿ ಸೈಕಲ್ಲುಗಳ ಕಡೆ ತಿರುಗಿಯೂ ನೋಡಲಿಲ್ಲ, ಕಾರಿನೊಳಗೆ ಕೂತು ಗಾಜು ಏರಿಸಿಕೊಂಡರು. ಸಾಹೇಬರು ಪೊಲೀಸರಿಗೆ ಫೋನ್ ಮಾಡಿದರು, ಕಬ್ಬಿಣ ಕತ್ತರಿಸುವವನನ್ನು ಕರೆಸಿ ಎಂದು ಕೂಗಿದರು. ಸೂಪರ್‌ವೈಸರ್ ನನ್ನ ಕೊರಳಿನ ಗುರುತಿನ ಚೀಟಿ ಕಿತ್ತು ಬಿಸಾಡಿದ. ಲಿಫ್ಟ್ ಮಾವ ತನ್ನದನ್ನು ತಾನೇ ತೆಗೆದು ಅವನ ಕೈಗೆ ಕೊಟ್ಟು, ನನ್ನ ಪಕ್ಕ ಗೇಟಿಗೆ ಒರಗಿ ಕೂತ. ಮಿಕ್ಕವರಲ್ಲಿ ಕೆಲವರು ಬಂದು ಕೂತರು, ಕೆಲವರು ಬರಲಿಲ್ಲ. ಕಿಟಕಿ ಒರೆಸುವವಳು ಬರಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಮನೆಯಲ್ಲೂ ಮಕ್ಕಳಿದ್ದಾರೆ.

ನೆಲ ಕಾದ ಹೆಂಚಾಗಿತ್ತು. ಐದು ಕಾರುಗಳ ಹಾರನ್ ಬೆನ್ನಿಗೆ ಬಡಿಯುತ್ತಿತ್ತು. ಕೆನ್ನೆ ಊದಿಕೊಂಡು ಒಂದು ಕಣ್ಣು ಅರ್ಧ ಮುಚ್ಚಿತ್ತು. ಅವಳು ಹೋಗಿ ಹದಿನಾಲ್ಕು ನಿಮಿಷ ಆಗಿರಬೇಕು. ಮನೆ ಮುಟ್ಟಿದ್ದಾಳೆ, ಬಾಗಿಲು ತಳ್ಳಿದ್ದಾಳೆ. ತಾತ ಆ ಡಬ್ಬಿ ಮುಟ್ಟಿರದಿದ್ದರೆ ಕೂಸು ಎಡಗಡೆ ಕುಡಿಯುತ್ತಿರುತ್ತದೆ. ಮುಟ್ಟಿದ್ದರೆ ಏನಾಗಿದೆಯೋ ನನಗೆ ಗೊತ್ತಿಲ್ಲ. ರಸ್ತೆಯ ತಿರುವಿನಲ್ಲಿ ಪೊಲೀಸ್ ಜೀಪು ಕಾಣಿಸಿತು. ನಾನು ಸರಳುಗಳಿಗೆ ಬೆನ್ನು ಒತ್ತಿ ಕೂತೆ. ಅವಸರ ಮಾಡಬೇಡ ಕಣೇ, ಅಂದುಕೊಂಡೆ, ಬಲಗಡೆಯೂ ಕುಡಿಸು, ತೇಗು ಬರುವವರೆಗೆ ಬೆನ್ನು ತಟ್ಟು, ಆಮೇಲೆ ಬಾ.